‘ಸರ್ವರ್ ಡೌನ್’ ಅಂದ್ರೆ ಎಲ್ಲಿ ಡೌನ್ ಅಂತ ಕೇಳಿ

ಹೋದ ವರ್ಷ ಅರಿಶಿನ ಹಾಕೋ ಮುಂಚೆ ನಮ್ಮ ದೊಡ್ಡಪ್ಪ ಒಂದು ಕಚೇರಿಗೆ ಮೂರು ಸಲ ಅಲೆದರು. ಪಹಣಿಯಲ್ಲಿ ಒಂದು ಹೆಸರು ತಿದ್ದಿಸಬೇಕಿತ್ತು, ಅಷ್ಟೆ. ಅದು ಆದರೆ ಬೆಳೆ ಸಾಲ ನವೀಕರಣ.

ಮೊದಲ ದಿನ, "ಸರ್ವರ್ ಇಲ್ಲ ಕನಪ್ಪ, ನಾಳ ಬಾ."

ಎರಡನೇ ದಿನ, "ಕಂಪ್ಯೂಟರ್ ತಗೋತಾ ಇಲ್ಲ."

ಮೂರನೇ ದಿನ, "ಮೇಲಿಂದಲೇ ಬರ್ತಾ ಇಲ್ಲ, ನಮ್ಮ ಕೈಲಿ ಏನೂ ಇಲ್ಲ."

ಮನೆಗೆ ಬಂದು ಜಗಲಿ ಮೇಲೆ ಕೂತವರನ್ನು "ಏನಾಯ್ತು ದೊಡ್ಡಪ್ಪ?" ಅಂದೆ. "ಕಂಪೂಟ್ರು ಒಪ್ಪದಿಲ್ವಂತ ಕನ ಮಗ" ಅಂದರು. ಹೆಣ್ಣು ಕೇಳೋಕೆ ಹೋದ ಮನೆಯವರು ಒಪ್ಪಲಿಲ್ಲ ಅನ್ನೋ ಹಾಗೆ.

ಮೂರು ದಿನದ ಕೆಲಸ ಹೋಯ್ತು, ಬಸ್ ಚಾರ್ಜು ಹೋಯ್ತು. ಅದಕ್ಕಿಂತ ದೊಡ್ಡದೊಂದು ಹೋಯ್ತು. ಪ್ರಶ್ನೆ ಕೇಳೋ ಧೈರ್ಯ. ಮನುಷ್ಯ ಎದುರಿಗಿದ್ದರೆ ಜಗಳ ಆಡಬಹುದು. ಕಂಪ್ಯೂಟರ್ ಜೊತೆ ಯಾರು ಜಗಳ ಆಡ್ತಾರೆ?

ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಕಂಪ್ಯೂಟರ್ ಒಪ್ಪೋದೂ ಇಲ್ಲ, ನಿರಾಕರಿಸೋದೂ ಇಲ್ಲ. ಒಪ್ಪೋರು, ನಿರಾಕರಿಸೋರು ಮನುಷ್ಯರೇ. ಅವರು ಆ ಪರದೆಯ ಹಿಂದೆ ಇದ್ದಾರೆ. ಅವರು ಕಾಣಬೇಕು ಅಂದ್ರೆ ಆ ಡಬ್ಬದ ಒಳಗೆ ಏನು ನಡೆಯುತ್ತೆ ಅಂತ ನಮಗೆ ಗೊತ್ತಿರಬೇಕು.

ಪಂಪ್‌ಸೆಟ್ ಗೊತ್ತು, ಇದು ಯಾಕೆ ಗೊತ್ತಿಲ್ಲ?

"ಹಳ್ಳಿ ಜನಕ್ಕೆ ಅದೆಲ್ಲ ಅರ್ಥ ಆಗಲ್ಲ ಬಿಡಿ" ಅನ್ನೋರು ಬಹಳ ಜನ. ಓದಿದವರೇ ಹೆಚ್ಚು. ಅವರನ್ನೊಮ್ಮೆ ನಮ್ಮ ಬೋರ್‌ವೆಲ್ ಹತ್ತಿರ ಕರೆದುಕೊಂಡು ಹೋಗಬೇಕು.

ಮೋಟರ್ ಓಡಲಿಲ್ಲ ಅಂದ್ರೆ ನಮ್ಮೂರಿನ ಯಾವ ರೈತನೂ "ಮೋಟರ್ ಒಪ್ಪಲಿಲ್ಲ" ಅಂತ ಮನೆಗೆ ಹೋಗಲ್ಲ. ಮೂರು ಫೇಸ್ ಇದೆಯಾ ನೋಡ್ತಾನೆ. ಫ್ಯೂಸ್ ಮುಟ್ಟಿ ನೋಡ್ತಾನೆ. ಸ್ಟಾರ್ಟರ್ ಎತ್ತಿ ನೋಡ್ತಾನೆ. ವಾಸನೆ ಬಂದ್ರೆ ಕಾಯಿಲ್ ಸುಟ್ಟಿದೆ, ರೀವೈಂಡಿಂಗ್‌ಗೆ ಕೊಡಬೇಕು ಅಂತಾನೆ. ಫೇಸ್, ಫ್ಯೂಸ್, ಸ್ಟಾರ್ಟರ್, ಕಾಯಿಲ್ ಎಲ್ಲ ಇಂಗ್ಲಿಷ್ ಪದಗಳೇ. ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ತಲೆ ಬೋಳಿಸ್ತಾನೆ, ಅದಕ್ಕೇ ಕಲಿತರು.

ಈಗ ಪಹಣಿ, ಪಡಿತರ, ಪಿಂಚಣಿ, ಬೆಳೆ ವಿಮೆ ಎಲ್ಲ ಕಂಪ್ಯೂಟರ್ ಮೂಲಕವೇ ಬರ್ತಿದೆ. ನೀರಿನಷ್ಟೇ ಮುಖ್ಯವಾದ್ದು. ಆದರೂ ಸ್ಟಾರ್ಟರ್ ಬಗ್ಗೆ ಗೊತ್ತಿರೋ ಅರ್ಧದಷ್ಟೂ ಸರ್ವರ್ ಬಗ್ಗೆ ನಮಗೆ ಗೊತ್ತಿಲ್ಲ. ಗೊತ್ತಾಗದೆ ಇರೋದ್ರಿಂದ ಯಾರಿಗೆ ಅನುಕೂಲ ಅಂತ ಯೋಚನೆ ಮಾಡಿ.

ಡಬ್ಬದ ಒಳಗೆ ಮೂರು ಜನ

ನಿಮ್ಮ ಕೈಯಲ್ಲಿರೋ ಫೋನೂ ಒಂದು ಕಂಪ್ಯೂಟರೇ. ಆ ಕಚೇರಿಯ ಡಬ್ಬದಲ್ಲೂ ನಿಮ್ಮ ಫೋನಿನಲ್ಲೂ ಮುಖ್ಯವಾಗಿ ಮೂರು ಜನ ಇದ್ದಾರೆ ಅಂದುಕೊಳ್ಳಿ.

ಒಬ್ಬ ಪ್ರೊಸೆಸರ್. ಕೂಲಿ ಆಳು. ಭಾರಿ ಚುರುಕು. 2 ಗಿಗಾಹರ್ಟ್ಸ್ ಪ್ರೊಸೆಸರ್ ಅಂದ್ರೆ ಸೆಕೆಂಡಿಗೆ 200 ಕೋಟಿ ಮಿಡಿತ. ಆದರೆ ಸ್ವಂತ ಬುದ್ಧಿ ಇಲ್ಲ. ಎರಡು ಸಂಖ್ಯೆ ಕೂಡು ಅಂದ್ರೆ ಕೂಡ್ತಾನೆ. ಎರಡು ಒಂದೇನಾ ನೋಡು ಅಂದ್ರೆ ನೋಡ್ತಾನೆ. ಒಂದೇ ಆದರೆ ಈ ದಾರಿ, ಬೇರೆ ಆದರೆ ಆ ದಾರಿ ಹಿಡಿ ಅಂದ್ರೆ ಹಿಡೀತಾನೆ. ಹೇಳದೆ ಇರೋದನ್ನ ಮಾಡಲ್ಲ. ಹೇಳಿದ್ದನ್ನ ಬಿಡಲ್ಲ.

ಎರಡನೆಯದು ರ‍್ಯಾಮ್. ಕೆಲಸ ಮಾಡೋವಾಗ ಸಾಮಾನು ಹರಡಿಕೊಳ್ಳೋ ಜಗಲಿ. ಕರೆಂಟ್ ಹೋದರೆ ಜಗಲಿ ಖಾಲಿ. ಅರ್ಧ ತುಂಬಿದ ಅರ್ಜಿ ಕರೆಂಟ್ ಹೋದಾಗ ಮಾಯ ಆಗೋದು ಇದಕ್ಕೇ.

ಮೂರನೆಯದು ಸ್ಟೋರೇಜ್, ಹಾರ್ಡ್ ಡಿಸ್ಕ್. ಮನೆಯ ಅಟ್ಟ. ಕರೆಂಟ್ ಇದ್ದರೂ ಹೋದರೂ ಇಟ್ಟದ್ದು ಇಟ್ಟಲ್ಲೇ ಇರುತ್ತೆ.

ಹಾಗಾದರೆ ಆಳಿಗೆ ಹೇಳೋರು ಯಾರು? ಅದೇ ಪ್ರೋಗ್ರಾಮ್, ಸಾಫ್ಟ್‌ವೇರ್. ಒಬ್ಬ ಮನುಷ್ಯ ಕೂತು ಬರೆದಿಟ್ಟ ಆಜ್ಞೆಗಳ ಪಟ್ಟಿ. ಆ ಪಟ್ಟಿಯಲ್ಲಿ ಏನಿರಬೇಕು ಅಂತ ಹೇಳಿದೋರು ಇನ್ನೊಬ್ಬ ಮನುಷ್ಯರು, ಸರ್ಕಾರಿ ಯೋಜನೆ ಆದರೆ ಇಲಾಖೆಯವರು. ‘ಕಂಪ್ಯೂಟರ್ ತಗೋತಾ ಇಲ್ಲ’ ಅಂದ್ರೆ ಅರ್ಥ ಇಷ್ಟೇ. ಯಾರೋ ಬರೆದ ಪಟ್ಟಿಯಲ್ಲಿ ನಿಮ್ಮಂಥವರಿಗೆ ಜಾಗ ಇಟ್ಟಿಲ್ಲ.

ದ ಮತ್ತು ಧ ನಡುವೆ ಒಂದು ಎಕರೆ

ಜಾಗ ಹೇಗೆ ತಪ್ಪುತ್ತೆ ನೋಡಿ.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಎರಡೇ, ಸೊನ್ನೆ ಮತ್ತು ಒಂದು. ಸ್ವಿಚ್ ಆಫ್, ಸ್ವಿಚ್ ಆನ್. ಅಂಥ ಒಂದು ಸ್ವಿಚ್ಚಿಗೆ ಬಿಟ್ ಅಂತಾರೆ. 8 ಬಿಟ್ ಸೇರಿದರೆ ಒಂದು ಬೈಟ್. 8 ಸ್ವಿಚ್ಚುಗಳನ್ನು ಒಟ್ಟು 256 ರೀತಿಯಲ್ಲಿ ಹಾಕಿ ತೆಗೆದು ಮಾಡಬಹುದು, ಹಾಗಾಗಿ ಒಂದು ಬೈಟಿನಲ್ಲಿ 256 ಬೇರೆ ಬೇರೆ ಸಂಖ್ಯೆ ಹಿಡಿಸುತ್ತೆ.

ಅಕ್ಷರ ಇಡಬೇಕಾದರೆ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡಬೇಕು. ಜಗತ್ತಿನ ಭಾಷೆಗಳಿಗೆಲ್ಲ ಹಾಗೆ ನಂಬರ್ ಕೊಟ್ಟಿರೋ ಪದ್ಧತಿಯೇ ಯೂನಿಕೋಡ್. ಕನ್ನಡಕ್ಕೆ ಅದರಲ್ಲಿ 128 ಮನೆ ಬಿಟ್ಟಿದ್ದಾರೆ. ‘ಅ’ ನಂಬರ್ 3205. ‘ಬ’ ನಂಬರ್ 3244. ಬದನಗುಪ್ಪೆ ಅಂತ ಟೈಪ್ ಮಾಡಿದರೆ ಬ, ದ, ನ, ಗ, ಕೊಂಬು, ಪ, ಒತ್ತಿನ ಗುರುತು, ಇನ್ನೊಂದು ಪ, ಎತ್ವ ಹೀಗೆ 9 ನಂಬರ್ ಒಳಗೆ ಹೋಗ್ತವೆ. ಇಂಟರ್ನೆಟ್ಟಿನಲ್ಲಿ ಸಾಮಾನ್ಯವಾಗಿ ಬಳಸೋ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ನಂಬರಿಗೆ 3 ಬೈಟ್ ಬೇಕು. ನಮ್ಮೂರ ಹೆಸರು 27 ಬೈಟ್.

ಈಗ ಸಿದ್ದಪ್ಪ ಅನ್ನೋ ಹೆಸರು ತಗೊಳ್ಳಿ. ನಮ್ಮ ಕಡೆ ಬೀದಿಗೊಬ್ಬರು ಇದ್ದಾರೆ. ಒಬ್ಬ ಗುಮಾಸ್ತರು ‘ಸಿದ್ದಪ್ಪ’ ಅಂತ ಬರೀತಾರೆ, ಇನ್ನೊಬ್ಬರು ‘ಸಿದ್ಧಪ್ಪ’ ಅಂತ. ಕರೆಯೋದು ಒಂದೇ ಥರ. ಕರೆದರೆ ಓಗೊಡೋ ಮನುಷ್ಯನೂ ಒಬ್ಬನೇ. ಆದರೆ ‘ದ’ ನಂಬರ್ 3238, ‘ಧ’ ನಂಬರ್ 3239. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಆ ಕೂಲಿ ಆಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾನೆ. ಬೇರೆ ಬೇರೆ ಅಂತಾನೆ. ಅವನ ತಪ್ಪಿಲ್ಲ. ಹೋಲಿಸು ಅಂದದ್ದಕ್ಕೆ ಹೋಲಿಸಿದ.

ಮಾದಪ್ಪನ ಒಕ್ಕಲು ನಾವು. ಮಹದೇವ, ಮಹಾದೇವ, ಮಾದೇವ, ಮಾದಪ್ಪ ಅಂತ ಒಬ್ಬನೇ ಮನುಷ್ಯನನ್ನ ನಾಲ್ಕು ರೀತಿ ಕರೀತೀವಿ. ಇಂಗ್ಲಿಷಿಗೆ ಹೋದರೆ ಇನ್ನೂ ನಾಲ್ಕು ರೀತಿ. ಇಂಥ ಜಿಲ್ಲೆಗೆ ‘ಅಕ್ಷರ ಅಕ್ಷರ ಒಂದೇ ಇದ್ದರೆ ಮಾತ್ರ ಬಿಡು’ ಅಂತ ನಿಯಮ ಬರೆದವರು ಯಾರು? ‘ಒಂದಕ್ಷರ ವ್ಯತ್ಯಾಸ ಇದ್ದರೆ ಅಧಿಕಾರಿ ಮುಂದೆ ಇಡು’ ಅಂತ ಬರೆಯೋಕೂ ಆಗ್ತಿತ್ತು. ಅದು ಪ್ರೋಗ್ರಾಮ್ ಬರೆಯೋರಿಗೆ ಕಷ್ಟದ ಕೆಲಸ ಏನಲ್ಲ. ಬರೆಯಲಿಲ್ಲ ಅಷ್ಟೆ.

ಇನ್ನೊಂದು ಕಥೆ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಪದ್ಧತಿಯಲ್ಲಿ ಟೈಪ್ ಮಾಡಿದ ಕಾಗದವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡವೇ ಕಾಣಲ್ಲ, ಬರೀ ಸೊಟ್ಟ ಗುರುತುಗಳು. ಯಾಕೆ? ಆಗ ಅಕ್ಷರಗಳ ಚೂರುಗಳಿಗೆ ಕೊಟ್ಟ ನಂಬರ್‌ಗಳೇ ಬೇರೆ. ಹಳೆಯ ನಂಬರಿನಿಂದ ಯೂನಿಕೋಡಿಗೆ ಬದಲಾಯಿಸೋವಾಗ ಒಂದು ಒತ್ತಕ್ಷರ ಜಾರಿದರೂ ಹೆಸರು ಬದಲು. ಹೆಸರು ಬದಲಾದರೆ ಒಂದು ಎಕರೆ ಅಲ್ಲಾಡುತ್ತೆ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ಇರೋ ನಮಗೆ ಪಹಣಿಯ ಒಂದಕ್ಷರದ ಬೆಲೆ ಎಷ್ಟು ಅಂತ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಪಹಣಿ ಈಗ ಎಲ್ಲಿದೆ?

ಮೊದಲು ಪಹಣಿ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂದರು. ಒಳ್ಳೆಯದೇ ಆಯ್ತು. ಲೆಕ್ಕಿಗರ ಮನೆ ಬಾಗಿಲು ಕಾಯೋದು ತಪ್ಪಿತು. ಅದನ್ನ ನಾನು ಅಲ್ಲಗಳೆಯಲ್ಲ.

ಹಾಗೆ ಸೇರಿದ ಜಾಗಕ್ಕೆ ಡೇಟಾಬೇಸ್ ಅಂತಾರೆ. ದೊಡ್ಡ ಪಹಣಿ ಪುಸ್ತಕ ಅಂದುಕೊಳ್ಳಿ. ಸಾಲುಗಳು, ಕಲಮುಗಳು. 9ನೇ ಕಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಬೆಳೆ. ಈ ಪುಸ್ತಕವನ್ನು ಇಟ್ಟುಕೊಂಡು, ಕೇಳಿದವರಿಗೆ ಪುಟ ತೆಗೆದುಕೊಡೋ ದೂರದ ಕಂಪ್ಯೂಟರ್ರೇ ಸರ್ವರ್. ಸರ್ವರ್ ಅಂದ್ರೆ ಹೋಟೆಲಿನಲ್ಲಿ ಇಡ್ಲಿ ತಂದುಕೊಡ್ತಾರಲ್ಲ, ಅದೇ ಪದ. ಕೇಳಿದ್ದನ್ನು ತಂದುಕೊಡೋದು ಅದರ ಕೆಲಸ.

‘ಭೂಮಿ’ ಮಾಡಿದವರು ಎರಡು ಜಾಣತನ ಮಾಡಿದ್ದರು. ಒಂದು, ಖಾತೆ ಬದಲಾವಣೆ ಅರ್ಜಿಗಳಿಗೆ ಸರದಿ. ಮೊದಲು ಬಂದ ಅರ್ಜಿ ಮೊದಲು ಹೋಗಬೇಕು. ಹಿಂದೆ ಬಂದೋರನ್ನ ಮುಂದೆ ತಳ್ಳೋದಕ್ಕೆ ತಡೆ. ಕಂಪ್ಯೂಟರ್ ವಿಷಯ ಕಲಿಯೋರು ಇದನ್ನ ಕ್ಯೂ ಅಂತ ಓದ್ತಾರೆ. ನೀರಿನ ಟ್ಯಾಂಕರ್ ಮುಂದೆ ಬಿಂದಿಗೆ ಸಾಲು ಇಟ್ಟಿರ್ತೀವಲ್ಲ, ಅದೇ. ಎರಡು, ಕಂಪ್ಯೂಟರ್ ಮುಂದೆ ಕೂರೋ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ಯಾರು, ಯಾವಾಗ, ಯಾವ ಪಹಣಿ ಮುಟ್ಟಿದರು ಅನ್ನೋದು ಉಳೀಬೇಕು. ಹೀಗೆ ಉಳಿಯೋ ದಾಖಲೆಗೆ ಲಾಗ್ ಅಂತಾರೆ.

ಅಂದರೆ 25 ವರ್ಷದ ಹಿಂದೆಯೇ ಗೊತ್ತಿತ್ತು, ಕಂಪ್ಯೂಟರ್ ಹಿಂದೆ ಕೈ ಇರುತ್ತೆ, ಆ ಕೈ ಯಾರದು ಅಂತ ಬರೆದಿಡಬೇಕು ಅಂತ. ಇವತ್ತು ಅದೇ ಕೌಂಟರ್‌ಗಳಲ್ಲಿ ‘ಕಂಪ್ಯೂಟರ್ ಮಾಡ್ತಿಲ್ಲ’ ಅಂದ್ರೆ ನಾವು ನಂಬಿಕೊಂಡು ಬರ್ತೀವಿ.

‘ಡೌನ್’ ಅನ್ನೋ ಮಾತಿಗೂ ಇದೇ ಪ್ರಶ್ನೆ. ಕಚೇರಿಯಲ್ಲಿ ಕರೆಂಟ್ ಇಲ್ವಾ? ಆ ಡಬ್ಬ ಕೆಟ್ಟಿದೆಯಾ? ಅಲ್ಲಿಂದ ಹೊರಡೋ ಇಂಟರ್ನೆಟ್ ಲೈನ್ ತುಂಡಾಗಿದೆಯಾ? ಬೆಂಗಳೂರಿನಲ್ಲಿರೋ ಸರ್ವರ್ರೇ ನಿಂತಿದೆಯಾ? ಇಲ್ಲಾ, ಲಾಗಿನ್ ಆಗಬೇಕಾದವರು ಬಂದಿಲ್ವಾ? ಐದೂ ಬೇರೆ ಬೇರೆ. ಐದಕ್ಕೂ ಜವಾಬ್ದಾರರು ಬೇರೆ ಬೇರೆ. ಬೆಂಗಳೂರಿನ ಸರ್ವರ್ ನಿಂತರೆ ರಾಜ್ಯಕ್ಕೆಲ್ಲ ನಿಲ್ಲಬೇಕು. ಪಕ್ಕದ ತಾಲ್ಲೂಕಿನಲ್ಲಿರೋ ಭಾವಮೈದನಿಗೆ ಒಂದು ಫೋನ್ ಮಾಡಿ. ಅಲ್ಲಿ ಪಹಣಿ ಬರ್ತಾ ಇದ್ದರೆ ಡೌನ್ ಆಗಿರೋದು ಬಹುಶಃ ಬೆಂಗಳೂರು ಅಲ್ಲ.

ಹೆಬ್ಬೆಟ್ಟು ಸವೆದವರ ಲೆಕ್ಕ

ಪಡಿತರ ಅಂಗಡಿಯಲ್ಲಿ ನಡೆಯೋದು ಇನ್ನೂ ಸಂಕಟದ್ದು. ಹೆಬ್ಬೆಟ್ಟು ಇಡ್ತಾರೆ, ಬರಲ್ಲ. ಒರೆಸಿ ಇಡ್ತಾರೆ, ಬರಲ್ಲ. "ನಿಂದೇನವ್ವ ಗೆರೆನೇ ಇಲ್ಲ" ಅಂತ ನಗೋರೂ ಇದ್ದಾರೆ.

ಒಳಗೆ ಏನಾಗುತ್ತೆ? ಯಂತ್ರ ಬೆರಳಿನಲ್ಲಿ ಗೆರೆ ಎಲ್ಲಿ ಮುಗಿಯುತ್ತೆ, ಎಲ್ಲಿ ಕವಲಾಗುತ್ತೆ ಅನ್ನೋ ಜಾಗಗಳನ್ನ ಗುರುತು ಹಾಕಿ, ಮೊದಲು ಕೊಟ್ಟ ಅಚ್ಚಿನ ಜೊತೆ ಎಷ್ಟು ಹೊಂದುತ್ತೆ ಅಂತ ಅಂಕ ಕೊಡುತ್ತೆ. ಪರೀಕ್ಷೆಗೆ ಪಾಸ್ ಮಾರ್ಕ್ ಇರೋ ಹಾಗೆ ಇದಕ್ಕೂ ಒಂದು ಮಿತಿ. ಅದಕ್ಕಿಂತ ಕಡಿಮೆ ಬಂದರೆ ಫೇಲ್. ಆ ಮಿತಿ ಇಟ್ಟವರು ಮನುಷ್ಯರೇ. ಅರಿಶಿನ ಬೇಯಿಸಿ, ಕರಿಕಲ್ಲು ಹೊತ್ತು, ಕಬ್ಬು ಕಡಿದು ಸವೆದ ಬೆರಳು ಫೇಲಾಗುತ್ತೆ. ಕುರ್ಚಿ ಮೇಲೆ ಕೂತು ಕೆಲಸ ಮಾಡಿದ ಬೆರಳು ಪಾಸಾಗುತ್ತೆ. ಮೈ ಬಗ್ಗಿಸಿ ದುಡಿದದ್ದಕ್ಕೆ ಯಂತ್ರ ಕೊಡೋ ಮಾರ್ಕು ಇದು.

ಯಂತ್ರ ಫೇಲ್ ಅಂದ ಮಾತ್ರಕ್ಕೆ ಅಕ್ಕಿ ಇಲ್ಲ ಅನ್ನೋ ಹಾಗಿಲ್ಲ. ಆಧಾರ್ ದೃಢೀಕರಣ ಆಗಲಿಲ್ಲ ಅಂತ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಬೇರೆ ಗುರುತು ನೋಡಿ ಕೊಡಬೇಕು ಅಂತ 2017ರ ಅಕ್ಟೋಬರಿನಲ್ಲೇ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. ಇದನ್ನ ಗೋಡೆ ಮೇಲೆ ಬರೆದ ಅಂಗಡಿಯನ್ನ ನಾನಂತೂ ನೋಡಿಲ್ಲ.

ಇಂಗ್ಲೆಂಡಿನವರೂ ನಂಬಿ ಕೆಟ್ಟರು

ಇದು ಬರೀ ಹಳ್ಳಿಯ ಕಥೆ ಅಂದುಕೊಳ್ಳಬೇಡಿ. ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ ಹರೈಜನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂತು. ಸಾಫ್ಟ್‌ವೇರಿನಲ್ಲಿ ದೋಷ ಇತ್ತು. ಇಲ್ಲದ ಕೊರತೆ ತೋರಿಸ್ತಿತ್ತು. ಊರೂರಿನ ಸಣ್ಣ ಅಂಚೆ ಕಚೇರಿ ನಡೆಸೋರು "ನಾವು ಹಣ ಮುಟ್ಟಿಲ್ಲ" ಅಂತ ಬಾಯಿ ಬಡಿದುಕೊಂಡರು. "ಕಂಪ್ಯೂಟರ್ ಸುಳ್ಳು ಹೇಳಲ್ಲ" ಅನ್ನೋ ನಂಬಿಕೆ ಗೆದ್ದಿತು. 900ಕ್ಕೂ ಹೆಚ್ಚು ಜನಕ್ಕೆ ಕಳ್ಳತನ, ಸುಳ್ಳು ಲೆಕ್ಕದ ಶಿಕ್ಷೆ ಆಯ್ತು. ಕೆಲವರು ಜೈಲಿಗೆ ಹೋದರು, ಮನೆ ಮಾರಿಕೊಂಡರು. 2019ರಲ್ಲಿ ಲಂಡನ್ನಿನ ಹೈಕೋರ್ಟ್ ಸಾಫ್ಟ್‌ವೇರಿನಲ್ಲೇ ದೋಷ ಇತ್ತು ಅಂತ ಹೇಳಿತು. 2024ರಲ್ಲಿ ಕಾನೂನೇ ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯ್ತು.

ಅವರಿಗೆ ಇಂಗ್ಲಿಷ್ ಗೊತ್ತಿತ್ತು. ಕಂಪ್ಯೂಟರ್ ಮುಂದೆಯೇ ಕೂತಿದ್ದರು. ಆದರೂ ಹೀಗಾಯ್ತು. ಒಳಗೆ ಏನಿದೆ ಅಂತ ಕೇಳೋ ಹಕ್ಕನ್ನು ಅವರಿಗೆ ಕೊಡಲಿಲ್ಲ. ಹಾಗಾಗಿ ಇದು ಭಾಷೆಯ ಪ್ರಶ್ನೆಯೋ ಓದಿನ ಪ್ರಶ್ನೆಯೋ ಆಗಿ ಉಳಿಯಲ್ಲ. ಯಾರು ಕೇಳಬಹುದು, ಯಾರು ಉತ್ತರ ಕೊಡಬೇಕು ಅನ್ನೋದೇ ಪ್ರಶ್ನೆ.

ಆಪರೇಟರ್ ಮೇಲೆ ಕೂಗಬೇಡಿ

ಇದನ್ನ ಓದಿ ನಾಳೆ ಕೌಂಟರ್‌ನಲ್ಲಿರೋ ಹುಡುಗಿ ಮೇಲೆ ಯಾರೂ ಏರಿ ಹೋಗಬೇಡಿ. ಆಕೆ ನಮ್ಮ ಮನೆ ಮಗಳ ಹಾಗೆ, ಬಹಳ ಸಲ ಗುತ್ತಿಗೆ ಮೇಲೆ, ಕಡಿಮೆ ಸಂಬಳಕ್ಕೆ ಕೂತಿರ್ತಾಳೆ. ಸರ್ವರ್ ನಿಜವಾಗಿಯೂ ನಿಲ್ಲುತ್ತೆ. ಬೈಗುಳ ತಿನ್ನೋದು ಆಕೆ. ನಿಯಮ ಬರೆದವರು ಆಕೆಯ ಮಾತನ್ನೂ ಕೇಳಿರಲ್ಲ. ಒಳಗಿನದು ಗೊತ್ತಿದ್ದರೆ ಆಕೆಗೂ ನಮಗೂ ಜಗಳ ಇರಲ್ಲ. ಇಬ್ಬರೂ ಸೇರಿ ಮೇಲೆ ಕೇಳಬಹುದು.

ನನ್ನ ಸಿಟ್ಟು ಇರೋದು ಶಾಲೆಯಲ್ಲಿ ಕಲಿಸೋ ರೀತಿ ಮೇಲೆ. ನಾನು ಕಂಪ್ಯೂಟರ್ ಪಾಠದಲ್ಲಿ ಕಲಿತದ್ದು ‘ಕಂಪ್ಯೂಟರ್ ಪಿತಾಮಹ ಚಾರ್ಲ್ಸ್ ಬ್ಯಾಬೇಜ್’ ಅನ್ನೋ ಒಂದು ಅಂಕದ ಉತ್ತರ, ಮೌಸಿನ ಚಿತ್ರ, ಕೇಂದ್ರ ಸಂಸ್ಕರಣ ಘಟಕ ಅನ್ನೋ ನಾಲಿಗೆ ತಿರುಗದ ಪದ. ಬ್ಯಾಬೇಜ್ ದೊಡ್ಡವರೇ. ಆದರೆ ನನ್ನ ಅವ್ವನ ಹೆಬ್ಬೆಟ್ಟು ಯಾಕೆ ಬರಲ್ಲ ಅಂತ ಆ ಪುಸ್ತಕ ಹೇಳಲಿಲ್ಲ. ಕನ್ನಡ ಪದ ಹುಡುಕೋದು ಬೇಡ ಅಂತಲ್ಲ. ಸರ್ವರ್ ಅನ್ನಿ, ಲಾಗ್ ಅನ್ನಿ, ಬೇಕಾದ ಹೆಸರು ಇಡಿ. ಅರ್ಥ ಕನ್ನಡದಲ್ಲಿ ಹೇಳಿ.

ಇನ್ನು ಕೆಲವರು, "ಫೋನ್ ಪೇ ಮಾಡೋಕೆ ಬರುತ್ತೆ, ರೀಲ್ಸ್ ನೋಡೋಕೆ ಬರುತ್ತೆ, ಸಾಕಲ್ವಾ?" ಅಂತಾರೆ. ಸಾಕಾಗಲ್ಲ. ಸ್ವಿಚ್ ಒತ್ತೋಕೆ ಬಂದ ಮಾತ್ರಕ್ಕೆ ಫ್ಯೂಸ್ ಹಾಕೋಕೆ ಬಂದ ಹಾಗಾಗಲಿಲ್ಲ.

ನಾಳೆ ಕೇಳಬೇಕಾದ್ದು

ಫೋನಿನಲ್ಲಿ ಇಟ್ಟುಕೊಳ್ಳಿ, ಬೇಕಾದವರಿಗೆ ಕಳಿಸಿ.

‘ಸರ್ವರ್ ಇಲ್ಲ’ ಅಂದರೆ: ಎಲ್ಲಿ ನಿಂತಿದೆ? ಇಲ್ಲಿಯ ಲೈನೋ, ಬೆಂಗಳೂರೋ? ಎಷ್ಟು ಗಂಟೆಯಿಂದ?

‘ಕಂಪ್ಯೂಟರ್ ತಗೋತಿಲ್ಲ’ ಅಂದರೆ: ಪರದೆ ಮೇಲೆ ಏನು ಬರೆದು ಬಂತು? ಅದನ್ನ ಬರೆದುಕೊಡಿ. ಕಂಪ್ಯೂಟರ್ ಸುಮ್ಮನೆ ತಿರಸ್ಕರಿಸೋದು ಕಡಿಮೆ, ಸಾಮಾನ್ಯವಾಗಿ ಒಂದು ಎರರ್ ಸಂದೇಶ ಕೊಡುತ್ತೆ. ಕಾರಣ ಹುಡುಕೋಕೆ ಅದೇ ಮೊದಲ ದಾರಿ.

‘ಹೆಸರು ಹೊಂದಲ್ಲ’ ಅಂದರೆ: ಯಾವ ದಾಖಲೆಯಲ್ಲಿ ಯಾವ ಅಕ್ಷರ? ತಿದ್ದೋ ಅಧಿಕಾರ ಯಾರಿಗಿದೆ?

‘ಹೆಬ್ಬೆಟ್ಟು ಬರಲ್ಲ’ ಅಂದರೆ: ಬೇರೆ ದಾರಿ ಯಾವುದು? ಬೇರೆ ದಾರಿ ಇಲ್ಲ ಅಂತ ಬರೆದುಕೊಡ್ತೀರಾ?

ಅರ್ಜಿ ಕೊಟ್ಟ ಮೇಲೆ ಸಕಾಲದ ಸ್ವೀಕೃತಿ ಚೀಟಿ ಇಲ್ಲದೆ ಹೊರಗೆ ಬರಬೇಡಿ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತೆ. ಆ ನಂಬರ್ ಅಂದ್ರೆ ಡೇಟಾಬೇಸಿನಲ್ಲಿ ನಿಮ್ಮ ಹೆಸರಿಗೆ ಒಂದು ಸಾಲು ಎದ್ದಿತು ಅಂತ, ಸರದಿಯಲ್ಲಿ ನಿಮ್ಮ ಬಿಂದಿಗೆ ಇಟ್ಟಾಯ್ತು ಅಂತ. ಸಕಾಲ ಪಟ್ಟಿಯಲ್ಲಿರೋ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳೋಕೆ ಕಾನೂನಿದೆ. ‘ಸರ್ವರ್ ಇಲ್ಲ’ ಅಂತ ಅರ್ಜಿಯನ್ನೇ ತಗೊಳ್ಳದೆ ಕಳಿಸಿದರೆ ಆ ಸಾಲೇ ಏಳಲ್ಲ. ಸಾಲು ಎದ್ದಿಲ್ಲ ಅಂದ್ರೆ ನೀವು ಬಂದೇ ಇಲ್ಲ ಅಂತ ಲೆಕ್ಕ. ದೊಡ್ಡಪ್ಪ ಮೂರು ದಿನ ಹೋದದ್ದು ಯಾವ ಕಂಪ್ಯೂಟರ್‌ನಲ್ಲೂ ಇಲ್ಲ. ಅದಕ್ಕೇ ಕಾಗದದ ಮೇಲೆ ಅರ್ಜಿ ಬರೆದುಕೊಂಡು ಹೋಗಿ, ಸೀಲು ಹಾಕಿಸಿಕೊಳ್ಳಿ. ಇನ್ನೂ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಆ ದಿನ ಎಷ್ಟು ಹೊತ್ತು ಸೇವೆ ನಿಂತಿತ್ತು ಅಂತಲೇ ಕೇಳಬಹುದು.

ನಾಲ್ಕನೇ ಸಲ ದೊಡ್ಡಪ್ಪನ ಜೊತೆ ನಾನೂ ಹೋದೆ. ಮಾತಾಡಿದ್ದು ಮಾತ್ರ ಅವರೇ. "ಸರ್ವರ್ ಇಲ್ಲ" ಅಂದಾಗ, "ಎಲ್ಲಿ ಇಲ್ಲ ಬುದ್ದಿ, ಇಲ್ಲೋ ಬೆಂಗ್ಳೂರಲ್ಲೋ?" ಅಂದರು. ಆ ಹುಡುಗ ತಲೆ ಎತ್ತಿ ನೋಡಿದ. ಎದ್ದು ಹೋಗಿ ಗೋಡೆ ಹತ್ತಿರದ ಒಂದು ಡಬ್ಬ ಆರಿಸಿ, ಮತ್ತೆ ಹಾಕಿದ. ಹತ್ತು ನಿಮಿಷಕ್ಕೆ ಅರ್ಜಿ ಒಳಗೆ ಹೋಯ್ತು.

ಹೆಸರು ತಿದ್ದಾಗಿ ಬರೋಕೆ ಇನ್ನೂ ಎರಡು ತಿಂಗಳು ಹಿಡಿಯಿತು. ಆದರೆ ಅವತ್ತು ದೊಡ್ಡಪ್ಪನ ಜೇಬಿನಲ್ಲಿ ಚೀಟಿ ಇತ್ತು. ಬಸ್ಸಿನಲ್ಲಿ ಎರಡು ಸಲ ತೆಗೆದು ಆ 15 ಅಂಕಿ ಎಣಿಸಿದರು.